ಹೆಚ್ಚಿನ ಆವರ್ತನದ ಶ್ರವಣದೋಷಕ್ಕೆ ಶ್ರವಣ ಸಾಧನದ ಆಯ್ಕೆ: ಪದೇ ಪದೇ ಕೇಳುವ ಪ್ರಶ್ನೆಗಳು

ಶಿವಮೊಗ್ಗ, ತೀರ್ಥಹಳ್ಳಿ, ಸಾಗರ, ಹೊಸನಗರದ ಕಡೆಯಿಂದ ಶ್ರವಣ ಪರೀಕ್ಷೆಗೆ ಬರುವ ಹಿರಿಯರೂ ಅವರನ್ನು ಕರೆತರುವ ಮನೆಯವರೂ ಹೆಚ್ಚಾಗಿ ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರಿಸಲಾಗಿದೆ. ಎಲ್ಲ ಬಗೆಯ ಕಿವುಡುತನ ಇಲ್ಲಿನ ವಿಷಯವಲ್ಲ. ಧ್ವನಿ ಸೆಕೆಂಡಿಗೆ ಎಷ್ಟು ಬಾರಿ ಕಂಪಿಸುತ್ತದೆ ಎಂಬುದೇ ಆವರ್ತನ, ಅದರ ಅಳತೆ ಹರ್ಟ್ಸ್. ತಗ್ಗಿನ ಆವರ್ತನದ ಧ್ವನಿಗಳು ಸಾಕಷ್ಟು ಚೆನ್ನಾಗಿ ಕೇಳಿಸುತ್ತ, ತೀಕ್ಷ್ಣವಾದ ಧ್ವನಿಗಳು ಮಾತ್ರ ಕುಂದಿರುವ ಕಿವಿಗೆ ಎಂಥ ಸಾಧನ ಹೊಂದುತ್ತದೆ ಎಂಬುದಷ್ಟೇ ಇಲ್ಲಿಯ ಮಾತು.

ಮಾತು ಕೇಳಿಸುತ್ತದೆ, ಆದರೆ ಏನು ಹೇಳಿದರೆಂದು ತಿಳಿಯುವುದಿಲ್ಲ. ಇದು ಕಿವಿಯ ದೋಷವೇ, ಗಮನದ ಕೊರತೆಯೇ?

ಹೆಚ್ಚಿನ ಸಂದರ್ಭಗಳಲ್ಲಿ ಇದು ಕಿವಿಯದೇ ದೋಷ. ಮಾತಿಗೆ ಗಟ್ಟಿತನ ಕೊಡುವುದು ಅ, ಆ, ಒ, ಉ ಮೊದಲಾದ ಸ್ವರಾಕ್ಷರಗಳು. ಅವುಗಳ ಶಕ್ತಿಯ ಬಹುಪಾಲು 1000 ಹರ್ಟ್ಸ್‌ಗಿಂತ ಕೆಳಗಿರುತ್ತದೆ. ಒಂದು ಪದವನ್ನು ಇನ್ನೊಂದರಿಂದ ಬೇರ್ಪಡಿಸುವ ಸ, ಶ, ಚ, ತ, ಕ, ಪ ಮುಂತಾದ ವ್ಯಂಜನಗಳು ಬಹಳ ಮೆಲುವಾದವು, ಅವುಗಳ ಗುರುತು ಬಹುಮಟ್ಟಿಗೆ 2000 ಹರ್ಟ್ಸ್‌ನಿಂದ ಮೇಲೆ ಸಿಗುತ್ತದೆ. ‘ಸ’ಕಾರದ ಶಕ್ತಿಯಂತೂ ಹೆಚ್ಚಾಗಿ 4000 ಹರ್ಟ್ಸ್ ದಾಟಿದ ಮೇಲೆಯೇ ಇದೆ. ಆ ಭಾಗ ಕುಂದಿದ ಕಿವಿಗೆ ಕಾಲು, ಸಾಲು, ಹಾಲು, ಪಾಲು ಎಂಬ ನಾಲ್ಕೂ ಪದಗಳು ಹೆಚ್ಚುಕಡಿಮೆ ‘ಆಲು’ ಎಂದೇ ಕೇಳಿಸುತ್ತವೆ, ಉಳಿದದ್ದನ್ನು ಮನಸ್ಸು ಸಂದರ್ಭ ನೋಡಿ ಊಹಿಸಿಕೊಳ್ಳಬೇಕಾಗುತ್ತದೆ. ಎದುರಿಗೆ ಕುಳಿತು, ಮುಖ ನೋಡುತ್ತ, ಪರಿಚಿತ ವಿಷಯ ಮಾತಾಡುವಾಗ ಈ ಊಹೆ ನಡೆಯುತ್ತದೆ. ಜಗಲಿಯಿಂದ ಅಡುಗೆಮನೆಗೆ ಕೂಗಿ ಹೇಳಿದಾಗ, ಮೊಮ್ಮಕ್ಕಳು ತೆಳುವಾದ ದನಿಯಲ್ಲಿ ಬೇಗ ಬೇಗ ಮಾತಾಡಿದಾಗ, ಆಷಾಢದ ಮಳೆ ತಗಡಿನ ಮಾಡಿನ ಮೇಲೆ ಸುರಿಯುವಾಗ ನಡೆಯುವುದಿಲ್ಲ. ‘ಬೇಕಾದಾಗ ಮಾತ್ರ ಕೇಳಿಸುತ್ತದೆ ಇವರಿಗೆ’ ಎಂಬ ಮನೆಯವರ ದೂರು ಹುಟ್ಟುವುದು ಇಲ್ಲಿಂದಲೇ. ಈ ದೂರು ನ್ಯಾಯವಾದುದಲ್ಲ, ದಯವಿಟ್ಟು ಅದನ್ನು ಬಿಡಿ.

ಇನ್ನೂ ಕೆಲವು ಗುರುತುಗಳಿವೆ. ಹಿಂದೆ ಕಿವಿ ತುಂಬುತ್ತಿದ್ದ ಜೀರುಂಡೆಗಳ ಸದ್ದು ಈಗ ಇಲ್ಲವೆನ್ನಿಸುವುದು, ಜ್ವರ ಅಳೆಯುವ ಡಿಜಿಟಲ್ ಥರ್ಮಾಮೀಟರಿನ ಬೀಪ್ ಸದ್ದು ಮನೆಯಲ್ಲಿ ಉಳಿದೆಲ್ಲರಿಗೂ ಕೇಳಿಸಿ ಒಬ್ಬರಿಗೆ ಮಾತ್ರ ಕೇಳಿಸದಿರುವುದು ಇವು ಮುಖ್ಯವಾದವು.

ಜೋರಾಗಿ ಹೇಳಿದರೆ ‘ಯಾಕೆ ಕೂಗುತ್ತೀಯ’ ಎನ್ನುತ್ತಾರೆ. ಹಾಗಾದರೆ ಕಿವಿ ಸರಿಯಿದೆಯೆಂದೇ ಅರ್ಥವಲ್ಲವೇ?

ಅಲ್ಲ. ಒಳಗಿವಿಯ ಕೂದಲುಕೋಶಗಳು ಹಾನಿಗೊಂಡಾಗ ಮೆಲುದನಿ ಕೇಳಿಸದೆ ಹೋಗುತ್ತದೆ, ಆದರೆ ಜೋರಾದ ಧ್ವನಿ ಮೊದಲಿನಷ್ಟೇ ಜೋರಾಗಿ ಕೇಳಿಸುತ್ತದೆ. ಕೇಳಿಸುವ ಮಟ್ಟಕ್ಕೂ ಸಹಿಸಲಾಗದ ಮಟ್ಟಕ್ಕೂ ನಡುವಿನ ಅಂತರ ಕಿರಿದಾಗಿರುತ್ತದೆ. ಆದ್ದರಿಂದಲೇ ಎಲ್ಲವನ್ನೂ ಒಂದೇ ಸಮನೆ ಹೆಚ್ಚಿಸುವ ಯಂತ್ರ ಇಂಥ ಕಿವಿಗೆ ಸಲ್ಲದು. ಮೆಲುದನಿಯನ್ನು ಹೆಚ್ಚು, ಸಾಧಾರಣ ದನಿಯನ್ನು ಸ್ವಲ್ಪ ಹೆಚ್ಚಿಸಿ, ಜೋರಾದದ್ದನ್ನು ಇದ್ದಂತೆಯೇ ಬಿಡುವ ಕಂಪ್ರೆಷನ್ ವ್ಯವಸ್ಥೆ ಇಂದಿನ ಡಿಜಿಟಲ್ ಸಾಧನಗಳಲ್ಲೆಲ್ಲ ಇದೆ. ಅದನ್ನು ಆಯಾ ಕಿವಿಗೆ ಹೊಂದಿಸುವುದು ಶ್ರವಣ ತಜ್ಞರಾದ ಆಡಿಯಾಲಜಿಸ್ಟರ ಕೆಲಸ.

ಈ ದೋಷ ಏಕೆ ಬರುತ್ತದೆ?

ಒಳಗಿವಿಯ ಶಂಖದಂಥ ಅಂಗದಲ್ಲಿ ತೀಕ್ಷ್ಣ ಧ್ವನಿಗಳನ್ನು ಗ್ರಹಿಸುವ ಕೋಶಗಳು ಬುಡದ ಕಡೆಗಿವೆ, ವಯಸ್ಸು, ಗದ್ದಲ, ಔಷಧಿಗಳ ಪೆಟ್ಟು ಮೊದಲು ತಗಲುವುದು ಅವಕ್ಕೇ. ವಯಸ್ಸು ಎಲ್ಲರಿಗೂ ಸಾಮಾನ್ಯವಾದ ಕಾರಣ. ನಮ್ಮ ಭಾಗದಲ್ಲಿ ಅದರ ಜೊತೆಗೆ ಸೇರುವುದು ತೋಟದ ಮತ್ತು ಕಾರ್ಖಾನೆಯ ಗದ್ದಲ. ಮರ ಕೊಯ್ಯುವ ಚೈನ್‌ಸಾ, ವೀಡ್ ಕಟರ್, ಅಡಿಕೆ ಸುಲಿಯುವ ಯಂತ್ರ, ಅಕ್ಕಿ ಗಿರಣಿ, ಬೆಳೆ ಕಾಯಲು ಹಾರಿಸುವ ಕೋವಿ ಇವೆಲ್ಲ ಆ ಸಾಲಿಗೆ ಸೇರುತ್ತವೆ. ಭದ್ರಾವತಿಯ ಕಾರ್ಖಾನೆಗಳಲ್ಲಿ ದಶಕಗಟ್ಟಲೆ ದುಡಿದು ನಿವೃತ್ತರಾದವರೂ ಪರೀಕ್ಷೆಯ ವೇಳೆ ತಮ್ಮ ಕೆಲಸದ ಸ್ವರೂಪವನ್ನು ತಪ್ಪದೆ ತಿಳಿಸಬೇಕು. 85 ಡೆಸಿಬೆಲ್‌ನ ಸದ್ದಿನಲ್ಲಿ ದಿನಕ್ಕೆ 8 ಗಂಟೆ ಇರಬಹುದು ಎಂಬುದು ವ್ಯಾಪಕವಾಗಿ ಒಪ್ಪಿರುವ ಮಿತಿ. ಸದ್ದು 3 ಡೆಸಿಬೆಲ್ ಏರಿದಂತೆಲ್ಲ ಆ ಅವಧಿ ಅರ್ಧವಾಗುತ್ತದೆ, 100 ಡೆಸಿಬೆಲ್‌ಗೆ ಸುಮಾರು 15 ನಿಮಿಷ ಮಾತ್ರ ಉಳಿಯುತ್ತದೆ. ಚೈನ್‌ಸಾ ಹಿಡಿದವರ ಕಿವಿಯ ಬಳಿ ಸದ್ದು ಇದಕ್ಕೂ ಮೇಲಿರುತ್ತದೆ. ಗದ್ದಲದಿಂದ ಕೆಟ್ಟ ಕಿವಿಯ ಆಡಿಯೋಗ್ರಾಂನಲ್ಲಿ (ಶ್ರವಣ ಪರೀಕ್ಷೆಯ ನಕ್ಷೆಯಲ್ಲಿ) 4000 ಹರ್ಟ್ಸ್‌ನ ಆಸುಪಾಸಿನಲ್ಲಿ ಒಂದು ಗುಳಿ ಕಾಣುವುದು ವಾಡಿಕೆ.

ಔಷಧಿಗಳ ಪೈಕಿ ಕ್ಷಯಕ್ಕೆ ಕೊಡುತ್ತಿದ್ದ ಸ್ಟ್ರೆಪ್ಟೊಮೈಸಿನ್, ಜೆಂಟಾಮೈಸಿನ್ ಮತ್ತು ಅಮಿಕಾಸಿನ್ ಚುಚ್ಚುಮದ್ದುಗಳು, ಕ್ಯಾನ್ಸರ್ ಚಿಕಿತ್ಸೆಯ ಸಿಸ್ಪ್ಲಾಟಿನ್ ಮುಖ್ಯವಾದವು. ಹೀಗೆ ಹೋದ ಶ್ರವಣ ಔಷಧಿಯಿಂದ ಮರಳುವುದಿಲ್ಲ, ಉಳಿದದ್ದನ್ನು ಕಾಪಾಡಿಕೊಳ್ಳಬಹುದು. ಸಾಧನ ಹಾಕಿಕೊಂಡವರು ಯಂತ್ರದ ಕೆಲಸಕ್ಕೆ ಇಳಿಯುವಾಗ ಅದನ್ನು ತೆಗೆದಿಟ್ಟು ಇಯರ್ ಮಫ್ ಧರಿಸಬೇಕು. ಆಫ್ ಮಾಡಿದ ಸಾಧನ ಕಿವಿಯಲ್ಲಿದ್ದರೆ ಅದೇ ರಕ್ಷಣೆ ಎಂದು ತಿಳಿಯಬಾರದು.

ನೇರವಾಗಿ ಸಾಧನ ಕೊಳ್ಳಬಹುದೇ, ವೈದ್ಯರನ್ನು ಮೊದಲು ಕಾಣಬೇಕೇ?

ಇಎನ್‌ಟಿ ವೈದ್ಯರನ್ನು ಮೊದಲು ಕಾಣಿರಿ. ಕಿವಿಗುಗ್ಗೆ ಗಟ್ಟಿಯಾಗಿ ಕೂತಿದ್ದರೂ ಮಂದವಾಗಿ ಕೇಳಿಸುತ್ತದೆ, ಅದಕ್ಕೆ ಸಾಧನ ಬೇಕಿಲ್ಲ. ಒಂದೇ ಕಿವಿ ಕೆಟ್ಟಿರುವುದು, ಕಿವಿ ಸೋರುವುದು, ತಲೆ ಸುತ್ತುವುದು, ನೋವಿರುವುದು ಇವುಗಳಲ್ಲಿ ಯಾವುದಿದ್ದರೂ ವೈದ್ಯರ ತಪಾಸಣೆಯಾಗದೆ ಮುಂದುವರಿಯಬಾರದು. ಎರಡು ಕಿವಿಗಳ ನಡುವೆ ಹೆಚ್ಚು ವ್ಯತ್ಯಾಸವಿದ್ದರೆ ಶ್ರವಣ ನರದ ಗಂಟು ಇಲ್ಲವೆಂದು ಖಚಿತಪಡಿಸಿಕೊಳ್ಳಲು ಎಂಆರ್‌ಐ ಹೇಳಬಹುದು. ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಯ ಇಎನ್‌ಟಿ ವಿಭಾಗದಲ್ಲಿ ತೋರಿಸಿಕೊಳ್ಳಬಹುದು. ಹೆಚ್ಚು ವಿವರವಾದ ಪರೀಕ್ಷೆ ಬೇಕಾದವರು ಮೈಸೂರಿನ ಮಾನಸಗಂಗೋತ್ರಿಯಲ್ಲಿ 1965ರಿಂದ ನಡೆಯುತ್ತಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಗೆ ಹೋಗುತ್ತಾರೆ.

ಬೆಳಗ್ಗೆ ಏಳುವಾಗ ಒಂದು ಕಿವಿ ಇದ್ದಕ್ಕಿದ್ದಂತೆ ಕೇಳಿಸದೆ ಹೋದರೆ ಅದು ತುರ್ತುಸ್ಥಿತಿ. ಸ್ಟಿರಾಯ್ಡ್ ಚಿಕಿತ್ಸೆಯನ್ನು ಬೇಗ ಆರಂಭಿಸಿದಷ್ಟೂ ಚೇತರಿಕೆಯ ಸಾಧ್ಯತೆ ಹೆಚ್ಚು. ಎರಡು ವಾರ ಕಳೆದರೆ ಅದು ಬಹಳ ಕಡಿಮೆಯಾಗುತ್ತದೆ. ಬೆಚ್ಚಗಿನ ಎಣ್ಣೆ ಬಿಟ್ಟು ನೋಡೋಣವೆಂದು ದಿನ ಕಳೆಯಬೇಡಿ.

ಆಡಿಯೋಗ್ರಾಂ ಕೈಗೆ ಕೊಟ್ಟಿದ್ದಾರೆ. ಅದರಲ್ಲಿ ಏನು ನೋಡಬೇಕು?

ಎಡದಿಂದ ಬಲಕ್ಕೆ 250ರಿಂದ 8000 ಹರ್ಟ್ಸ್‌ವರೆಗೆ ಆವರ್ತನ, ಮೇಲಿನಿಂದ ಕೆಳಕ್ಕೆ ಡೆಸಿಬೆಲ್. ಬಲಗಿವಿಗೆ ಕೆಂಪು ಸೊನ್ನೆ, ಎಡಗಿವಿಗೆ ನೀಲಿ ಗುಣಾಕಾರ ಚಿಹ್ನೆ. ಗುರುತುಗಳು 25 ಡೆಸಿಬೆಲ್‌ನ ಒಳಗಿದ್ದರೆ ಸಾಮಾನ್ಯ, 26ರಿಂದ 40 ಅಲ್ಪ, 41ರಿಂದ 55 ಮಧ್ಯಮ, 56ರಿಂದ 70 ಮಧ್ಯಮ ತೀವ್ರ, 71ರಿಂದ 90 ತೀವ್ರ ಎಂದು ವಾಡಿಕೆಯಲ್ಲಿ ವಿಂಗಡಿಸುತ್ತಾರೆ. ಹೆಚ್ಚಿನ ಆವರ್ತನದ ದೋಷದಲ್ಲಿ ಎಡಭಾಗದ ಗೆರೆ ಮೇಲೆಯೇ ಸಮತಟ್ಟಾಗಿ ಬಂದು, 1000 ಅಥವಾ 2000 ಹರ್ಟ್ಸ್ ದಾಟುತ್ತಿದ್ದಂತೆ ಆಗುಂಬೆ ಘಟ್ಟದ ಹಾಗೆ ಧಡಕ್ಕನೆ ಇಳಿಯುತ್ತದೆ.

ಎರಡು ಸಂಗತಿಗಳನ್ನು ಗಮನಿಸಿ. 250, 500 ಮತ್ತು 1000 ಹರ್ಟ್ಸ್‌ನಲ್ಲಿ ಎಷ್ಟು ಡೆಸಿಬೆಲ್ ಇದೆ ಎಂಬುದರಿಂದ ಕಿವಿಯನ್ನು ತೆರೆದೇ ಇಡಬಹುದೇ ಎಂಬುದು ನಿರ್ಧಾರವಾಗುತ್ತದೆ. ಇಳಿಜಾರಿನ ತಳ ಎಷ್ಟು ಆಳದಲ್ಲಿದೆ ಎಂಬುದರಿಂದ ಮೇಲಿನ ಧ್ವನಿಗಳನ್ನು ಮರಳಿ ಕೊಡಲು ಆಗುತ್ತದೆಯೇ ಎಂಬುದು ತಿಳಿಯುತ್ತದೆ. ಸರಾಸರಿ ಸಂಖ್ಯೆಯೊಂದನ್ನೇ ನೋಡಿ ‘ದೋಷ ಅಲ್ಪ, ಸಾಧನ ಬೇಡ’ ಎಂದುಕೊಳ್ಳಬಾರದು. ಚೆನ್ನಾಗಿರುವ ತಗ್ಗಿನ ಭಾಗ ಆ ಸರಾಸರಿಯಲ್ಲಿ ಮೇಲಿನ ಭಾಗದ ನಷ್ಟವನ್ನು ಮುಚ್ಚಿಬಿಡುತ್ತದೆ. ಪದಗಳನ್ನು ಗುರುತಿಸುವ ಪರೀಕ್ಷೆಯ ಅಂಕವನ್ನೂ ಕೇಳಿ ಪಡೆಯಿರಿ. ಈ ಪರೀಕ್ಷೆ ಕನ್ನಡದ ಪದಪಟ್ಟಿಯಿಂದಲೇ ಆಗಬೇಕು.

ಹಾಗಾದರೆ ಯಾವ ಆಕಾರದ ಸಾಧನ ಒಳ್ಳೆಯದು?

ತಗ್ಗಿನ ಆವರ್ತನಗಳಲ್ಲಿ ಶ್ರವಣ ಸಾಮಾನ್ಯವಾಗಿದ್ದರೆ, ಅಥವಾ ಸುಮಾರು 30 ಡೆಸಿಬೆಲ್‌ನೊಳಗೆ ಇದ್ದರೆ, ಕಿವಿಯ ಹಿಂದೆ ಪುಟ್ಟ ಪೆಟ್ಟಿಗೆ ಕೂತು, ತೆಳುವಾದ ತಂತಿಯ ತುದಿಯಲ್ಲಿ ಸ್ಪೀಕರ್ ಕಿವಿನಾಳದೊಳಗೆ ಇರುವ ಆರ್‌ಐಸಿ ಮಾದರಿಯನ್ನು ತೆರೆದ ಡೋಮ್‌ನೊಡನೆ ಹಾಕುವುದು ಮೊದಲ ಆಯ್ಕೆ. ಡೋಮ್ ಎಂದರೆ ಸ್ಪೀಕರಿನ ತುದಿಗೆ ತೊಡಿಸುವ ಮೆದುವಾದ ಸಿಲಿಕಾನ್ ಟೊಪ್ಪಿ. ತೆರೆದ ಡೋಮ್‌ನಲ್ಲಿ ರಂಧ್ರಗಳಿರುವುದರಿಂದ ತಗ್ಗಿನ ಧ್ವನಿಗಳು ತಮ್ಮ ಸಹಜ ದಾರಿಯಲ್ಲೇ ಒಳಗೆ ಹೋಗುತ್ತವೆ. ಕಳೆದುಹೋದ ಮೇಲಿನ ಧ್ವನಿಗಳನ್ನು ಮಾತ್ರ ಸಾಧನ ಸೇರಿಸುತ್ತದೆ.

ಇದು ಇಷ್ಟು ಮುಖ್ಯವಾಗಲು ಕಾರಣವಿದೆ. ಕಿವಿಯನ್ನು ಪೂರ್ತಿ ಮುಚ್ಚಿದರೆ, ನಾವು ಮಾತಾಡುವಾಗ ಮೂಳೆಯ ಮೂಲಕ ಕಿವಿನಾಳಕ್ಕೆ ಬರುವ ನಮ್ಮದೇ ದನಿ ಹೊರಹೋಗಲಾರದೆ ಅಲ್ಲೇ ಗುಂಯ್‌ಗುಡುತ್ತದೆ. ಹಂಡೆಯೊಳಗೆ ಮಾತಾಡಿದಂತೆ ಆಗುತ್ತದೆ, ಅಗಿಯುವ ಸದ್ದು ತಲೆ ತುಂಬುತ್ತದೆ ಎಂದು ಹೇಳಿ ಸಾಧನವನ್ನು ಬೀರುವಿಗೆ ಸೇರಿಸುವವರಲ್ಲಿ ತಗ್ಗಿನ ಶ್ರವಣ ಚೆನ್ನಾಗಿರುವವರೇ ಹೆಚ್ಚು. ಏಕೆಂದರೆ ಆ ಗುಂಯ್‌ಗುಡುವಿಕೆ ಅವರಿಗೆ ಸ್ಪಷ್ಟವಾಗಿ ಕೇಳಿಸುತ್ತದೆ.

ತೆರೆದ ಡೋಮ್‌ಗೂ ಮಿತಿಯಿದೆ. ಒಳಗೆ ಹೆಚ್ಚಿಸಿದ ತೀಕ್ಷ್ಣ ಧ್ವನಿ ಅದೇ ರಂಧ್ರಗಳಿಂದ ಹೊರಬಂದು ಮೈಕ್ರೊಫೋನ್ ಸೇರಿದರೆ ಸಾಧನ ಕುಂಯ್ ಎಂದು ಕೂಗುತ್ತದೆ. ಇದನ್ನು ತಡೆಯುವ ವ್ಯವಸ್ಥೆ ಈಗ ಎಲ್ಲ ಸಾಧನಗಳಲ್ಲೂ ಇದೆಯಾದರೂ, 3000ರಿಂದ 4000 ಹರ್ಟ್ಸ್‌ನಲ್ಲಿ ದೋಷ 70 ಡೆಸಿಬೆಲ್ ದಾಟಿದಾಗ ತೆರೆದ ಡೋಮ್‌ನಲ್ಲಿ ಬೇಕಾದಷ್ಟು ಹೆಚ್ಚಳ ಕೊಡುವುದು ಕಷ್ಟ. ಆಗ ಕಿವಿಯ ಅಚ್ಚು ತೆಗೆದು, ಗಾಳಿರಂಧ್ರವಿರುವ ಮೋಲ್ಡ್ ಮಾಡಿಸುವುದೇ ಸರಿ. ರಂಧ್ರ ದೊಡ್ಡದಾದಷ್ಟೂ ನಿಮ್ಮ ದನಿ ಸಹಜ, ಚಿಕ್ಕದಾದಷ್ಟೂ ಶಕ್ತಿ ಹೆಚ್ಚು. ಈ ಎರಡರ ನಡುವಿನ ಹದವನ್ನು ಧರಿಸಿ ನೋಡಿಯೇ ಕಂಡುಕೊಳ್ಳಬೇಕು. ಡೋಮ್‌ನ ಅಳತೆ ಸರಿಯಿಲ್ಲದೆ ಸಡಿಲವಾಗಿ ಹೊರಜಾರುವುದನ್ನೂ ಅಲ್ಲೇ ಸರಿಪಡಿಸಿಕೊಳ್ಳಿ, ಏಕೆಂದರೆ ಸ್ಪೀಕರ್ ಸ್ವಲ್ಪ ಹೊರಬಂದರೂ ಕಡಿಮೆಯಾಗುವುದು ನಿಮಗೆ ಬೇಕಾದ ಧ್ವನಿಗಳೇ.

ಹೊರಗೆ ಕಾಣಿಸದಂತೆ ಕಿವಿಯೊಳಗೇ ಕೂರುವ ಪುಟ್ಟ ಸಾಧನ ಬೇಕು. ತಪ್ಪೇನು?

ತಪ್ಪಿಲ್ಲ, ಆದರೆ ಈ ದೋಷಕ್ಕೆ ಅದು ಸಾಮಾನ್ಯವಾಗಿ ಹೊಂದುವುದಿಲ್ಲ. ಸಿಐಸಿ ಎಂದು ಕರೆಯುವ ಈ ಪುಟ್ಟ ಸಾಧನ ಕಿವಿನಾಳವನ್ನು ಬಹುಪಾಲು ತುಂಬುವುದರಿಂದ ದೊಡ್ಡ ಗಾಳಿರಂಧ್ರಕ್ಕೆ ಜಾಗವಿರುವುದಿಲ್ಲ. ಎದುರಿನ ಮಾತನ್ನು ಹಿಡಿಯಲು ಬೇಕಾದ ಎರಡು ಮೈಕ್ರೊಫೋನ್‌ಗಳಿಗೂ ಅದರಲ್ಲಿ ಎಡೆ ಸಿಗುವುದಿಲ್ಲ, ಗುಗ್ಗೆ ಮತ್ತು ತೇವದಿಂದ ಬೇಗ ಕೆಡುತ್ತದೆ. ಹಿಂದೆ ಕೂರುವ ಆರ್‌ಐಸಿ ಸಾಧನಗಳು ಈಗ ಕೂದಲಿನ ಬಣ್ಣದಲ್ಲಿ ಸಿಗುತ್ತವೆ, ಎರಡಡಿ ದೂರದಿಂದ ಕಾಣುವುದೂ ಕಷ್ಟ. ಇನ್ನೊಂದು ಮಾತನ್ನು ಸಂಕೋಚವಿಲ್ಲದೆ ಹೇಳಬೇಕು. ಕೇಳಿದ್ದನ್ನೇ ಮೂರು ಸಲ ಕೇಳುವುದು, ಸಂಬಂಧವಿಲ್ಲದ ಉತ್ತರ ಕೊಡುವುದು ನಾಲ್ಕು ಜನರಿಗೆ ಸಾಧನಕ್ಕಿಂತ ಬೇಗ ಕಾಣುತ್ತದೆ.

ಎರಡೂ ಕಿವಿಗೆ ಬೇಕೇ? ಒಂದಕ್ಕೆ ಹಾಕಿದರೆ ಸಾಲದೇ?

ಎರಡೂ ಕಿವಿಗಳಲ್ಲಿ ದೋಷವಿದ್ದರೆ ಎರಡಕ್ಕೂ ಹಾಕುವುದೇ ಉತ್ತಮ. ಧ್ವನಿ ಯಾವ ಕಡೆಯಿಂದ ಬಂತೆಂದು ತಿಳಿಯಲು, ಗದ್ದಲದ ನಡುವೆ ಮಾತನ್ನು ಹೆಕ್ಕಲು ಮೆದುಳಿಗೆ ಎರಡೂ ಕಿವಿಗಳ ಸುದ್ದಿ ಬೇಕು. ತೀಕ್ಷ್ಣ ಧ್ವನಿಗಳನ್ನು ತಲೆಯೇ ಅಡ್ಡವಾಗಿ ನಿಂತು ತಡೆಯುವುದರಿಂದ ಒಂದೇ ಕಡೆ ಸಾಧನವಿದ್ದವರಿಗೆ ಇನ್ನೊಂದು ಪಕ್ಕದಲ್ಲಿ ಕೂತವರ ವ್ಯಂಜನಗಳು ಸಿಗುವುದಿಲ್ಲ. ಹಣದ ಅಡಚಣೆಯಿದ್ದಾಗ ಒಂದು ದುಬಾರಿ ಸಾಧನಕ್ಕಿಂತ ಎರಡು ಸಾಧಾರಣ ಸಾಧನಗಳು ಮೇಲು ಎಂಬುದು ನಮ್ಮ ಅಭಿಪ್ರಾಯ.

ಎಷ್ಟು ಚಾನೆಲ್ ಇರಬೇಕು?

ಚಾನೆಲ್ ಎಂದರೆ ಸಾಧನದಲ್ಲಿ ಬೇರೆಯಾಗಿ ಹೊಂದಿಸಬಹುದಾದ ಆವರ್ತನಗಳ ಒಂದು ಭಾಗ. ಮಾರಾಟದ ಮಾತಿನಲ್ಲಿ ಅತಿ ಹೆಚ್ಚು ಕೇಳಿಬರುವ ಸಂಖ್ಯೆ ಇದು, ಆಯ್ಕೆಗೆ ಅತಿ ಕಡಿಮೆ ನೆರವಾಗುವುದೂ ಇದೇ. ಕಡಿದಾಗಿ ಇಳಿಯುವ ಆಡಿಯೋಗ್ರಾಂಗೆ ತಕ್ಕಂತೆ ಆವರ್ತನಗಳನ್ನು ಬೇರೆಬೇರೆಯಾಗಿ ಹೊಂದಿಸಲು ಕೆಲವು ಚಾನೆಲ್‌ಗಳು ಬೇಕು. ಒಂದು ಮಟ್ಟ ದಾಟಿದ ಮೇಲೆ ಸಂಖ್ಯೆ ಹೆಚ್ಚಿದಷ್ಟೂ ಮಾತು ಹೆಚ್ಚು ಸ್ಪಷ್ಟವಾಗುವುದಿಲ್ಲ. ಅದರ ಬದಲು ಸಾಧನ ಎಷ್ಟು ಹರ್ಟ್ಸ್‌ವರೆಗೆ ಉಪಯುಕ್ತವಾದ ಹೆಚ್ಚಳ ಕೊಡುತ್ತದೆ ಎಂದು ಕೇಳಿ.

ಮೇಲಿನ ಧ್ವನಿಗಳನ್ನು ಕೆಳಗಿಳಿಸಿ ಕೇಳಿಸುವ ತಂತ್ರಜ್ಞಾನವಿದೆಯಂತೆ. ಅದು ಬೇಕೇ?

ಕೆಲವರಿಗೆ ಬೇಕು. ಒಳಗಿವಿಯ ಬುಡದ ಕೋಶಗಳು ಪೂರ್ತಿ ಸತ್ತಿದ್ದರೆ ಆ ಜಾಗಕ್ಕೆ ಎಷ್ಟು ಜೋರಾಗಿ ಧ್ವನಿ ಕಳಿಸಿದರೂ ಮಾತು ತಿಳಿಯುವುದಿಲ್ಲ, ಬರೀ ಕರ್ಕಶತೆ ಉಳಿಯುತ್ತದೆ. ಅಂಥವರಿಗಾಗಿ 6000 ಹರ್ಟ್ಸ್‌ನಲ್ಲಿರುವ ‘ಸ’ಕಾರದ ಸುಳಿವನ್ನು 3000 ಹರ್ಟ್ಸ್‌ನ ಕಡೆಗೆ, ಅಂದರೆ ಇನ್ನೂ ಜೀವವಿರುವ ಭಾಗಕ್ಕೆ, ಸರಿಸುವ ವ್ಯವಸ್ಥೆ ಇದು. ವೈಡೆಕ್ಸ್ ಕಂಪನಿಯ ಆಡಿಬಿಲಿಟಿ ಎಕ್ಸ್‌ಟೆಂಡರ್, ಫೋನಾಕ್ ಕಂಪನಿಯ ಸೌಂಡ್‌ರಿಕವರ್, ಓಟಿಕಾನ್ ಕಂಪನಿಯ ಸ್ಪೀಚ್ ರೆಸ್ಕ್ಯೂ ಇವೆಲ್ಲ ಬೇರೆಬೇರೆ ವಿಧಾನಗಳಿಂದ ಇದೇ ಕೆಲಸ ಮಾಡುತ್ತವೆ. ಮೊದಲಿಗೆ ‘ಸ’ ಎಂಬುದು ‘ಶ’ದಂತೆ ಕೇಳಿಸಬಹುದು, ಹಾಡು ಅಪಸ್ವರವೆನ್ನಿಸಬಹುದು. ಮಾಮೂಲಿ ವಿಧಾನದಲ್ಲೇ ಮೇಲಿನ ಧ್ವನಿಗಳು ಕೇಳಿಸುವಂತೆ ಮಾಡಲು ಮೊದಲು ಪೂರ್ಣ ಪ್ರಯತ್ನವಾಗಬೇಕು. ಅದು ಸಾಲದಿದ್ದಾಗ ಮಾತ್ರ, ಬೇಕಾದಷ್ಟೇ ಪ್ರಮಾಣದಲ್ಲಿ, ಇದನ್ನು ಆನ್ ಮಾಡಿಸಿಕೊಳ್ಳಿ. ಕಂಪನಿಯ ತಂತ್ರಾಂಶ ಕೆಲವೊಮ್ಮೆ ತಾನಾಗಿಯೇ ಇದನ್ನು ಆನ್ ಮಾಡಿರುತ್ತದೆ, ಹಾಗಾಗಿ ಕೇಳಿ ತಿಳಿದುಕೊಳ್ಳುವುದು ಒಳ್ಳೆಯದು.

ಒಳ್ಳೆಯ ಕಂಪನಿಯ ಸಾಧನ ಕೊಂಡರೂ ಮಾತು ಸ್ಪಷ್ಟವಿಲ್ಲ. ಸಾಧನ ಬದಲಿಸಬೇಕೇ?

ಬದಲಿಸುವ ಮುನ್ನ ಅದನ್ನು ಹೇಗೆ ಹೊಂದಿಸಿದ್ದಾರೆಂದು ನೋಡಿ. ಈ ಪುಟವನ್ನು ಓದುವವರಿಗೆ ನಾವು ಒತ್ತಿ ಹೇಳಬೇಕಾದ ಸಂಗತಿ ಇದೊಂದೇ: ಹೆಚ್ಚಿನ ಆವರ್ತನದ ದೋಷದಲ್ಲಿ ಸಾಧನದ ಹೆಸರಿಗಿಂತ ಅದರ ಹೊಂದಾಣಿಕೆ ದೊಡ್ಡದು.

ಆಡಿಯೋಗ್ರಾಂನ ಅಂಕಿಗಳನ್ನು ಕಂಪ್ಯೂಟರಿಗೆ ಕೊಟ್ಟೊಡನೆ ಕಂಪನಿಯ ತಂತ್ರಾಂಶ ಒಂದು ಆರಂಭಿಕ ಹೊಂದಿಕೆಯನ್ನು ಸೂಚಿಸುತ್ತದೆ. ಹೊಸಬರಿಗೆ ಕರ್ಕಶವೆನ್ನಿಸಬಾರದೆಂಬ ಉದ್ದೇಶದಿಂದ ಈ ಹೊಂದಿಕೆಗಳಲ್ಲಿ ಮೇಲಿನ ಆವರ್ತನಗಳ ಹೆಚ್ಚಳ ಬೇಕಾದ್ದಕ್ಕಿಂತ ಕಡಿಮೆ ಇರುವುದು ಸಾಮಾನ್ಯ. ಅದನ್ನೇ ಹಾಗೆಯೇ ಉಳಿಸಿ ಕಳಿಸಿದರೆ, ಯಾವ ಧ್ವನಿಗಳಿಗಾಗಿ ಹಣ ಕೊಟ್ಟಿರೋ ಅವೇ ಸಿಗುವುದಿಲ್ಲ. ಕಿವಿನಾಳದ ಉದ್ದ ಅಗಲಗಳು ಒಬ್ಬರಿಂದೊಬ್ಬರಿಗೆ ಬೇರೆ; ಆದ್ದರಿಂದ ಪರದೆಯ ಮೇಲಿನ ಗೆರೆ ನಿಮ್ಮ ಕಿವಿಯೊಳಗಿನ ನಿಜವನ್ನು ಹೇಳುವುದಿಲ್ಲ.

ಇದನ್ನು ತಿಳಿಯುವ ಪರೀಕ್ಷೆಗೆ ರಿಯಲ್ ಇಯರ್ ಮೆಷರ್‌ಮೆಂಟ್ ಎನ್ನುತ್ತಾರೆ. ತೆಳುವಾದ, ಮೆದುವಾದ ನಳಿಕೆಯನ್ನು ಸಾಧನದ ಪಕ್ಕದಲ್ಲೇ ಕಿವಿನಾಳದೊಳಗೆ ಇಳಿಸಿ, ಎದುರಿನ ಸ್ಪೀಕರಿನಿಂದ ಮಾತನ್ನು ಕೇಳಿಸಿ, ಕಿವಿತಮಟೆಯ ಬಳಿ ಪ್ರತಿ ಆವರ್ತನದಲ್ಲೂ ಎಷ್ಟು ಧ್ವನಿ ತಲುಪಿದೆ ಎಂದು ಅಳೆಯುತ್ತಾರೆ. ಎಷ್ಟು ತಲುಪಬೇಕೆಂಬುದಕ್ಕೆ ಆಸ್ಟ್ರೇಲಿಯಾದ ರಾಷ್ಟ್ರೀಯ ಶ್ರವಣ ಪ್ರಯೋಗಾಲಯ ರೂಪಿಸಿದ ಎನ್‌ಎಎಲ್-ಎನ್‌ಎಲ್2 ಎಂಬ ಸೂತ್ರ ಪ್ರಪಂಚದಾದ್ಯಂತ ಬಳಕೆಯಲ್ಲಿದೆ. ನೋವಿಲ್ಲದ, ಅರ್ಧ ಗಂಟೆಯೊಳಗೆ ಮುಗಿಯುವ ಪರೀಕ್ಷೆ ಇದು. ಎಲ್ಲ ಕೇಂದ್ರಗಳಲ್ಲೂ ಈ ಯಂತ್ರ ಇರುವುದಿಲ್ಲ. ಇಲ್ಲದ ಕಡೆ, ಸಾಧನ ಧರಿಸಿ ಪರೀಕ್ಷಾ ಕೋಣೆಯಲ್ಲಿ ಕೂತು 4000 ಹರ್ಟ್ಸ್‌ವರೆಗಿನ ಮೆಲುದನಿಗಳು ಕೇಳಿಸುತ್ತವೆಯೇ, ಸಾಧನವಿಲ್ಲದೆ ಮತ್ತು ಸಾಧನದೊಡನೆ ಎಷ್ಟು ಪದಗಳು ಸರಿಯಾಗಿ ತಿಳಿದವು ಎಂಬ ಪರೀಕ್ಷೆಯನ್ನಾದರೂ ಮಾಡಿಸಿಕೊಳ್ಳಿ. ‘ಈಗ ಕೇಳಿಸುತ್ತದೆಯಾ’ ಎಂದು ಕೇಳಿ, ಹೂಂ ಎಂದಾಕ್ಷಣ ಬಿಲ್ಲು ಬರೆಯುವ ಜಾಗದಲ್ಲಿ ಕೊಳ್ಳಬೇಡಿ.

ಹೊಂದಿಸುವವರು ಬಿಎಎಸ್‌ಎಲ್‌ಪಿ (ವಾಕ್ ಮತ್ತು ಶ್ರವಣ ವಿಷಯದ ಪದವಿ) ಅಥವಾ ಆಡಿಯಾಲಜಿಯಲ್ಲಿ ಸ್ನಾತಕೋತ್ತರ ಪದವಿ ಪಡೆದು, ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ ನೋಂದಣಿಯಾಗಿರಬೇಕು. ನೋಂದಣಿ ಸಂಖ್ಯೆಯನ್ನು ಕೇಳುವುದು ನಿಮ್ಮ ಹಕ್ಕು, ಅದರಲ್ಲಿ ಅವಮಾನದ ಮಾತಿಲ್ಲ.

ಮದುವೆಮನೆ, ಸಂತೆ, ಬಸ್ ನಿಲ್ದಾಣಗಳಲ್ಲಿ ಕೇಳಿಸುತ್ತದೆಯೇ?

ಮೊದಲಿಗಿಂತ ಮೇಲು, ಎಳೆಯ ಕಿವಿಯಷ್ಟು ಅಲ್ಲ. ಎದುರಿನ ದನಿಗೆ ಒತ್ತುಕೊಡುವ ಎರಡು ಮೈಕ್ರೊಫೋನ್‌ಗಳ ವ್ಯವಸ್ಥೆ ನಿಜವಾಗಿಯೂ ನೆರವಾಗುತ್ತದೆ, ಆದರೆ ತೆರೆದ ಡೋಮ್‌ನಲ್ಲಿ ಹೊರಗಿನ ತಗ್ಗಿನ ಗದ್ದಲ ನೇರವಾಗಿ ಒಳಗೆ ಬರುವುದರಿಂದ ಅದರ ಪ್ರಯೋಜನ ಸ್ವಲ್ಪ ಕುಗ್ಗುತ್ತದೆ. ಗದ್ದಲ ತಗ್ಗಿಸುವ ವ್ಯವಸ್ಥೆಯಿಂದ ಆಯಾಸ ಕಡಿಮೆಯಾಗುತ್ತದೆ. ಮಾತಿನ ಸ್ಪಷ್ಟತೆ ಅಷ್ಟಾಗಿ ಹೆಚ್ಚುವುದಿಲ್ಲ. ಓಲಗದವರಿಗೂ ಧ್ವನಿವರ್ಧಕಕ್ಕೂ ಬೆನ್ನು ಮಾಡಿ, ಮಾತಾಡುವವರಿಗೆ ಎದುರಾಗಿ ಕೂರುವುದು ದುಬಾರಿ ಸಾಧನದಷ್ಟೇ ಕೆಲಸ ಮಾಡುತ್ತದೆ.

ಯಕ್ಷಗಾನಕ್ಕೆ, ಸಂಗೀತ ಕಛೇರಿಗೆ ಹೋಗುವ ಅಭ್ಯಾಸವಿದ್ದರೆ ಪ್ರತ್ಯೇಕ ಪ್ರೋಗ್ರಾಂ ಹಾಕಿಸಿಕೊಳ್ಳಿ. ಮಾತಿಗಾಗಿ ರೂಪಿಸಿದ ಪ್ರೋಗ್ರಾಂ ಚಂಡೆಯನ್ನು ಗದ್ದಲವೆಂದು ಅದುಮಲು ಹೋಗುತ್ತದೆ, ಕುಂಯ್‌ಗುಡುವಿಕೆ ತಡೆಯುವ ವ್ಯವಸ್ಥೆ ಭಾಗವತರ ಏರುದನಿಯ ಆಲಾಪವನ್ನು ಕಂಪಿಸುವಂತೆ ಕೇಳಿಸುತ್ತದೆ.

ಚಾರ್ಜ್ ಮಾಡುವುದು ಒಳ್ಳೆಯದೋ, ಸೆಲ್ ಹಾಕುವುದೋ?

ಪೇಟೆಯಲ್ಲಿದ್ದು ಬೆರಳುಗಳು ಮರಗಟ್ಟುವ, ನಡುಗುವ ಹಿರಿಯರಿಗೆ ಚಾರ್ಜಿನದೇ ಅನುಕೂಲ. ಮೂರು ನಾಲ್ಕು ಗಂಟೆ ಚಾರ್ಜ್ ಮಾಡಿದರೆ ಒಂದು ದಿನ ಬರುತ್ತದೆ. ಆದರೆ ಗಾಳಿಮಳೆಗೆ ಮರ ಬಿದ್ದು ತಂತಿ ಹರಿದು ದಿನಗಟ್ಟಲೆ ಕರೆಂಟಿಲ್ಲದ ಹಳ್ಳಿಯ ಮನೆಗಳವರು ಯೋಚಿಸಬೇಕು. ಒಳಗೇ ಬ್ಯಾಟರಿ ಇರುವ, ಕರೆಂಟಿಲ್ಲದಾಗಲೂ ಕೆಲವು ಬಾರಿ ಚಾರ್ಜ್ ಕೊಡುವ ಪೆಟ್ಟಿಗೆಯಿರುವ ಮಾದರಿಯನ್ನು ಆರಿಸಿ, ಇಲ್ಲವೇ ಪವರ್ ಬ್ಯಾಂಕ್ ಜೋಡಿಸಬಹುದೇ ಎಂದು ಖಚಿತಪಡಿಸಿಕೊಳ್ಳಿ.

ಸೆಲ್‌ಗಳ ಅಳತೆಯ ಸಂಖ್ಯೆಗಳಲ್ಲಿ ಹಳದಿ ಪಟ್ಟಿಯದು 10, ಕಂದು 312, ಕಿತ್ತಳೆ 13, ನೀಲಿ 675. ಆರ್‌ಐಸಿಗೆ ಹೆಚ್ಚಾಗಿ 312 ಅಥವಾ 13. ಬಳಕೆಗೆ ತಕ್ಕಂತೆ 312 ಒಂದು ವಾರದ ಆಸುಪಾಸು, 13 ಅದಕ್ಕಿಂತ ಹೆಚ್ಚು ದಿನ ಬರುತ್ತದೆ. ಪಟ್ಟಿ ಕಿತ್ತು ಒಂದೆರಡು ನಿಮಿಷ ಗಾಳಿಗೆ ಬಿಟ್ಟು ಆಮೇಲೆ ಹಾಕಿ. ಕಿತ್ತ ಪಟ್ಟಿಯನ್ನು ಮತ್ತೆ ಅಂಟಿಸಿದರೆ ಸೆಲ್ ಉಳಿಯುವುದಿಲ್ಲ. ಚಿಕ್ಕ ಮಕ್ಕಳಿರುವ ಮನೆಯಲ್ಲಿ ಹಳೆಯ ಸೆಲ್‌ಗಳನ್ನು ಕೂಡ ಎತ್ತರದಲ್ಲಿಡಿ, ನುಂಗಿದರೆ ಪ್ರಾಣಾಪಾಯ.

ಮಳೆಗಾಲದಲ್ಲಿ ಸಾಧನ ಕೆಡದಂತೆ ನೋಡಿಕೊಳ್ಳುವುದು ಹೇಗೆ?

ವರ್ಷಕ್ಕೆ ಸರಾಸರಿ 7000 ಮಿಲಿಮೀಟರ್ ದಾಟಿ ಮಳೆ ಸುರಿಯುವ ಆಗುಂಬೆಯಂಥ ಸೀಮೆಯಲ್ಲಿ ಸಾಧನಕ್ಕೆ ದೊಡ್ಡ ಶತ್ರು ನೇರ ಮಳೆಯಲ್ಲ, ನಾಲ್ಕು ತಿಂಗಳು ಮನೆಯೊಳಗೇ ನಿಲ್ಲುವ ತೇವ. ಸ್ಪೀಕರಿನ ತುದಿಯಲ್ಲಿ ತೇವ ಕಟ್ಟಿದಾಗ, ಗುಗ್ಗೆ ತಡೆಯುವ ಪುಟ್ಟ ಜಾಲರಿ ಮುಚ್ಚಿದಾಗ, ಮೊದಲು ಮಸುಕಾಗುವುದು ತೀಕ್ಷ್ಣ ಧ್ವನಿಗಳೇ. ಸಾಧನ ಕೆಲಸ ಮಾಡುತ್ತಿರುವಂತೆ ಕಾಣುತ್ತದೆ, ಆದರೆ ಮಾತು ಮತ್ತೆ ಕಲಸಿಹೋಗಿರುತ್ತದೆ. ಹೀಗಾದಾಗ ಕಿವಿ ಇನ್ನಷ್ಟು ಕೆಟ್ಟಿತೆಂದು ಗಾಬರಿಪಡುವ ಮುನ್ನ ಜಾಲರಿ ಬದಲಿಸಿ ನೋಡಿ.

ರಾತ್ರಿ ಒಣಬಟ್ಟೆಯಲ್ಲಿ ಒರೆಸಿ, ಸೆಲ್ ತೆಗೆದು, ಸಿಲಿಕಾ ಜೆಲ್ ಇರುವ ಬಿಗಿ ಮುಚ್ಚಳದ ಡಬ್ಬಿಯಲ್ಲಿಡಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ವಿದ್ಯುತ್ತಿನಿಂದ ನಡೆಯುವ ಒಣಗಿಸುವ ಪೆಟ್ಟಿಗೆ ಇದ್ದರೆ ಇನ್ನೂ ಒಳ್ಳೆಯದು. ಹರಳುಗಳ ಬಣ್ಣ ಬದಲಾದಾಗ ಹೊಸದು ಹಾಕಬೇಕು. ಒಲೆಯ ಮೇಲಿನ ಅಟ್ಟದಲ್ಲಿ, ಹೊಡಸಲಿನ ಬಳಿ ಒಣಗಿಸಬೇಡಿ, ಹೊಗೆ ಮತ್ತು ಕಾವು ಎರಡೂ ಕೆಡುಕು. ಐಪಿ68 ಎಂಬ ಗುರುತು ದೂಳು ಮತ್ತು ನೀರಿನಿಂದ ತಕ್ಕಮಟ್ಟಿನ ರಕ್ಷಣೆಯನ್ನು ಹೇಳುತ್ತದೆ; ನಮ್ಮ ಕಡೆಗೆ ಆ ಗುರುತಿನ ಸಾಧನವನ್ನೇ ಕೊಳ್ಳುವುದು ಲೇಸು, ಆದರೂ ಸ್ನಾನಕ್ಕೆ ಹೋಗುವಾಗ ತೆಗೆದಿಡಿ. ಕಿವಿಗೆ ಎಣ್ಣೆ ಬಿಡುವ ರೂಢಿಯನ್ನು ಸಾಧನ ಹಾಕಿದ ಮೇಲೆ ನಿಲ್ಲಿಸಿ.

ಹಾಕಿದ ಮೊದಲ ದಿನವೇ ಎಲ್ಲ ಕರ್ಕಶವಾಗಿ ಕೇಳಿಸಿತು. ಹೀಗೇ ಇರುತ್ತದೆಯೇ?

ಇರುವುದಿಲ್ಲ. ವರ್ಷಗಳಿಂದ ತೀಕ್ಷ್ಣ ಧ್ವನಿಗಳಿಲ್ಲದೆ ಇದ್ದ ಮೆದುಳಿಗೆ ಒಗ್ಗರಣೆಯ ಸಾಸಿವೆ ಸಿಡಿಯುವುದು, ಪೇಪರ್ ಮಡಚುವುದು, ನಲ್ಲಿಯ ನೀರು, ಸ್ಟೀಲಿನ ತಟ್ಟೆ ಎಲ್ಲವೂ ಒಮ್ಮೆಲೆ ನುಗ್ಗಿ ಬರುತ್ತವೆ. ಯಾವುದು ಬೇಕು, ಯಾವುದು ಬೇಡ ಎಂದು ಅದು ಮತ್ತೆ ವಿಂಗಡಿಸಲು ಕೆಲವು ವಾರಗಳು, ಕೆಲವರಿಗೆ ಎರಡು ಮೂರು ತಿಂಗಳು ಬೇಕು. ಮೊದಲು ಮನೆಯ ಶಾಂತ ಹೊತ್ತಿನಲ್ಲಿ, ಒಬ್ಬರೊಡನೆ ಮಾತಾಡುತ್ತ ಆರಂಭಿಸಿ, ದಿನದಿನಕ್ಕೆ ಅವಧಿ ಹೆಚ್ಚಿಸಿ. ಹಬ್ಬದ ದಿನ, ಮನೆ ತುಂಬ ನೆಂಟರಿರುವಾಗ ಮೊದಲ ಬಾರಿಗೆ ಹಾಕಬೇಡಿ.

ಕರ್ಕಶವೆಂದು ದೂರಿದಾಗ ಮೇಲಿನ ಆವರ್ತನಗಳನ್ನು ಶಾಶ್ವತವಾಗಿ ಇಳಿಸಿಬಿಡುವುದು ಸುಲಭವಾದ, ಆದರೆ ಹಾನಿಕರವಾದ ದಾರಿ. ತಾತ್ಕಾಲಿಕವಾಗಿ ಇಳಿಸಿ, ವಾರವಾರಕ್ಕೆ ಗುರಿಯ ಕಡೆಗೆ ಏರಿಸಬೇಕು. ಅದಕ್ಕಾಗಿಯೇ ಮತ್ತೆ ಮತ್ತೆ ಭೇಟಿ ಬೇಕಾಗುತ್ತದೆ. ಜೋರಾದ ಸದ್ದಿಗೆ ನೋವಾಗುವಂತಿದ್ದರೆ ಮಾತ್ರ ಸಹಿಸಿಕೊಳ್ಳದೆ ತಕ್ಷಣ ತಿಳಿಸಿ.

ಅಪ್ಪ ಸಾಧನ ಹಾಕಲು ಒಪ್ಪುವುದೇ ಇಲ್ಲ. ಏನು ಮಾಡಬೇಕು?

ಮಕ್ಕಳು ತಾವೇ ಕೊಂಡುತಂದು ಕೈಗಿಟ್ಟ ಸಾಧನ ಹೆಚ್ಚಾಗಿ ಡಬ್ಬಿಯಲ್ಲೇ ಉಳಿಯುತ್ತದೆ. ಪರೀಕ್ಷೆಗೂ ಆಯ್ಕೆಗೂ ಅವರನ್ನು ಜೊತೆಗೆ ಕರೆತನ್ನಿ, ನಿರ್ಧಾರ ಅವರದಾಗಲಿ. ಅವರಿಗೆ ಮುಖ್ಯವಾದ ಒಂದು ಸಂದರ್ಭವನ್ನು ಅವರಿಂದಲೇ ಹೇಳಿಸಿ: ಮೊಮ್ಮಗಳ ಫೋನ್ ಮಾತು, ಸೊಸೈಟಿಯ ಸಭೆ, ಭಜನೆ, ಯಾವುದೇ ಇರಲಿ, ಅದಕ್ಕೆ ಅನುಕೂಲವಾದರೆ ಉಳಿದದ್ದಕ್ಕೆ ತಾವಾಗಿಯೇ ಹಾಕುತ್ತಾರೆ. ಅನೇಕ ಕೇಂದ್ರಗಳು ಕೆಲವು ದಿನ ಧರಿಸಿ ನೋಡಲು ಸಾಧನ ಕೊಡುತ್ತವೆ, ಹಾಗೆ ಕೊಡುವ ಕಡೆಯಲ್ಲೇ ಕೊಳ್ಳಿ. ಸಾಧನ ಬಂದ ಮೇಲೂ ಎದುರಿಗೆ ಬಂದು, ಹೆಸರು ಕರೆದು, ನಿಧಾನವಾಗಿ ಮಾತಾಡುವ ಹೊಣೆ ಮನೆಯವರ ಮೇಲಿದೆ.

ಬೆಲೆ ಎಷ್ಟು? ಸರ್ಕಾರದ ನೆರವಿದೆಯೇ?

ಒಂದು ಕಿವಿಯ ಒಳ್ಳೆಯ ಡಿಜಿಟಲ್ ಸಾಧನ ಸುಮಾರು ₹20,000 ಆಸುಪಾಸಿನಿಂದ ಆರಂಭವಾಗಿ ಲಕ್ಷ ದಾಟುವವರೆಗೂ ಇದೆ. ಬೆಲೆ ಏರಿದಂತೆ ಹೆಚ್ಚುವುದು ಮುಖ್ಯವಾಗಿ ಗದ್ದಲದಲ್ಲಿನ ನಿರ್ವಹಣೆ, ಮೊಬೈಲ್ ಜೋಡಣೆಯಂಥ ಸೌಲಭ್ಯಗಳು. ಹೆಚ್ಚಾಗಿ ಮನೆ, ತೋಟ, ದೇವಸ್ಥಾನಗಳಲ್ಲಿ ಇರುವವರಿಗೆ ಕಡಿಮೆ ಬೆಲೆಯ ಸಾಧನ ಸರಿಯಾಗಿ ಹೊಂದಿಸಿದರೆ ಸಾಕಾಗುತ್ತದೆ. ಶ್ರವಣ ಸಾಧನಕ್ಕೆ ಜಿಎಸ್‌ಟಿ ಇಲ್ಲ. ಸಾಧನ ಐದಾರು ವರ್ಷ ಬಾಳುತ್ತದೆಂದು ಲೆಕ್ಕ ಹಾಕಿ, ವಾರಂಟಿ, ಸ್ಪೀಕರ್ ಬದಲಿಸುವ ಖರ್ಚು, ಹೊಂದಾಣಿಕೆಯ ಭೇಟಿಗಳಿಗೆ ಪ್ರತ್ಯೇಕ ಶುಲ್ಕವಿದೆಯೇ ಎಂಬುದನ್ನು ಬರವಣಿಗೆಯಲ್ಲಿ ಪಡೆಯಿರಿ. ಬೆಂಗಳೂರಿನಲ್ಲಿ ಸ್ವಲ್ಪ ಅಗ್ಗವಾಗಿ ಕೊಂಡು, ಪ್ರತಿ ಸಣ್ಣ ತೊಂದರೆಗೂ ಅಲ್ಲಿಗೆ ಓಡುವುದಕ್ಕಿಂತ ಶಿವಮೊಗ್ಗದಲ್ಲೇ ಕೊಳ್ಳುವುದು ಒಳಿತು. ಮೊಬೈಲ್ ಮೂಲಕ ದೂರದಿಂದಲೇ ಹೊಂದಿಸುವ ಸೌಲಭ್ಯವನ್ನು ನಂಬುವ ಮುನ್ನ ನಿಮ್ಮ ಮನೆಯಲ್ಲಿ ನೆಟ್‌ವರ್ಕ್ ನಿಲ್ಲುತ್ತದೆಯೇ ನೋಡಿಕೊಳ್ಳಿ.

ಕೇಂದ್ರ ಸರ್ಕಾರದ ಎಡಿಐಪಿ ಯೋಜನೆಯಲ್ಲಿ ಸಾಧನ ಸಿಗುತ್ತದೆ, ಆದರೆ ಶೇಕಡ 40ರ ಅಂಗವೈಕಲ್ಯ ಪ್ರಮಾಣಪತ್ರ ಬೇಕು, ಆದಾಯದ ಮಿತಿಯೂ ಇದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ ಪ್ರಕಾರ ಎರಡೂ ಕಿವಿಗಳಲ್ಲಿ ಮಾತಿನ ಆವರ್ತನಗಳ ನಷ್ಟ ಕನಿಷ್ಠ 60 ಡೆಸಿಬೆಲ್ ಇರಬೇಕಾದ್ದರಿಂದ, ತಗ್ಗಿನ ಶ್ರವಣ ಚೆನ್ನಾಗಿರುವವರು ಎಷ್ಟೇ ಕಷ್ಟಪಡುತ್ತಿದ್ದರೂ ಇದರ ಹೊರಗೆ ಉಳಿಯುತ್ತಾರೆ. ಇದು ಸರಿಯಾಗಬೇಕಾದ ನಿಯಮ ಎಂದು ನಾವು ನಂಬುತ್ತೇವೆ. 60 ವರ್ಷ ದಾಟಿದ ಬಡ ಕುಟುಂಬದ ಹಿರಿಯರಿಗೆ 2017ರಲ್ಲಿ ಆರಂಭವಾದ ರಾಷ್ಟ್ರೀಯ ವಯೋಶ್ರೀ ಯೋಜನೆಯ ಶಿಬಿರಗಳಲ್ಲಿ ಸಾಧನ ಕೊಡುತ್ತಾರೆ. ಮಾಜಿ ಸೈನಿಕರಿಗೆ ಇಸಿಎಚ್‌ಎಸ್, ಕೇಂದ್ರ ಸರ್ಕಾರದ ನಿವೃತ್ತರಿಗೆ ಸಿಜಿಎಚ್‌ಎಸ್ ಮೂಲಕ ಒಂದು ಮಿತಿಯವರೆಗೆ ವೆಚ್ಚ ಸಿಗುತ್ತದೆ, ಕೊಳ್ಳುವ ಮೊದಲೇ ಅನುಮತಿ ಪಡೆಯಬೇಕು. ಶಿಬಿರದಲ್ಲಿ ಸಿಕ್ಕ ಸಾಧನವನ್ನು ಕೊಟ್ಟಂತೆಯೇ ಹಾಕಿಕೊಳ್ಳದೆ, ಗಾಳಿರಂಧ್ರದ ಮೋಲ್ಡ್ ಮಾಡಿಸಿ ನಿಮ್ಮ ಆಡಿಯೋಗ್ರಾಂಗೆ ಹೊಂದಿಸಿಕೊಂಡರೆ ಅದು ಬಹಳ ಮಟ್ಟಿಗೆ ಉಪಯೋಗಕ್ಕೆ ಬರುತ್ತದೆ.

ಆನ್‌ಲೈನ್‌ನಲ್ಲಿ ಸಾವಿರ ಎರಡು ಸಾವಿರಕ್ಕೆ ಸಿಗುವ ಕಿವಿ ಮಿಷನ್?

ಬೇಡ. ಅವುಗಳಲ್ಲಿ ಹೆಚ್ಚಿನವು ಎಲ್ಲ ಧ್ವನಿಯನ್ನೂ ಒಟ್ಟಾಗಿ, ಅದರಲ್ಲೂ ನಿಮಗೆ ಚೆನ್ನಾಗಿಯೇ ಕೇಳಿಸುವ ತಗ್ಗಿನ ಧ್ವನಿಯನ್ನು, ಹೆಚ್ಚಿಸುತ್ತವೆ. ಗದ್ದಲ ಹೆಚ್ಚಿ ಮಾತು ಇನ್ನಷ್ಟು ಮುಚ್ಚಿಹೋಗುತ್ತದೆ, ಉಳಿದ ಶ್ರವಣಕ್ಕೂ ಅಪಾಯ.

ಕಿವಿಯಲ್ಲಿ ಸದಾ ‘ಕುಂಯ್’ ಎನ್ನುವ ಸದ್ದಿದೆ. ಸಾಧನದಿಂದ ಅದು ನಿಲ್ಲುತ್ತದೆಯೇ?

ಹೊರಗಿನ ಧ್ವನಿಗಳು ಮರಳಿದಾಗ ಒಳಗಿನ ಸದ್ದು ಹಿಂದೆ ಸರಿಯುವುದು ಅನೇಕರ ಅನುಭವ. ಪೂರ್ತಿ ನಿಲ್ಲುತ್ತದೆಂದು ಭರವಸೆ ಕೊಡಲಾಗದು. ಒಂದೇ ಕಿವಿಯಲ್ಲಿದ್ದರೆ ಅಥವಾ ನಾಡಿಯ ಲಯದಲ್ಲಿ ಬಡಿಯುತ್ತಿದ್ದರೆ ವೈದ್ಯರಿಗೆ ತೋರಿಸಿ.

ಎಲ್ಲ ಮಾಡಿದರೂ ಸಾಲದಿದ್ದರೆ?

ತಗ್ಗಿನ ಶ್ರವಣ ಉಳಿದು, ಮೇಲಿನದು ತೀರ ಹೋಗಿರುವವರಿಗೆ, ಕೆಳಗಿನ ಧ್ವನಿಗಳನ್ನು ಸಾಧನದ ಮೂಲಕ, ಮೇಲಿನವನ್ನು ಶಸ್ತ್ರಚಿಕಿತ್ಸೆಯಿಂದ ಒಳಗಿವಿಗೆ ಸೇರಿಸಿದ ವಿದ್ಯುದ್ವಾರದ ಮೂಲಕ ತಲುಪಿಸುವ ಕಾಕ್ಲಿಯರ್ ಇಂಪ್ಲಾಂಟ್‌ಗಳಿವೆ. ಸರಿಯಾಗಿ ಹೊಂದಿಸಿದ ಸಾಧನವನ್ನು ತಿಂಗಳುಗಟ್ಟಲೆ ಬಳಸಿದ ಮೇಲೂ ಪದಗಳ ಅಂಕ ಏರದಿದ್ದಾಗ ಮಾತ್ರ ಈ ಯೋಚನೆ.

ಮೊದಲ ಭೇಟಿಗೆ ಏನೇನು ತರಬೇಕು?

ಹಳೆಯ ಆಡಿಯೋಗ್ರಾಂಗಳಿದ್ದರೆ ಅವು, ಈಗ ತೆಗೆದುಕೊಳ್ಳುತ್ತಿರುವ ಮಾತ್ರೆಗಳ ಚೀಟಿ, ಬಳಸದೆ ಇಟ್ಟಿರುವ ಹಳೆಯ ಸಾಧನ, ಕನ್ನಡಕ, ಮೊಬೈಲ್. ಹಿಂದಿನ ದಿನ ಯಂತ್ರದ ಗದ್ದಲದಲ್ಲಿ ಕೆಲಸ ಮಾಡಬೇಡಿ, ಪರೀಕ್ಷೆಯ ಫಲಿತಾಂಶ ತಪ್ಪಾಗುತ್ತದೆ. ದಿನವೂ ಮಾತಾಡುವ ಮನೆಯವರೊಬ್ಬರು ಜೊತೆಗಿರಲಿ. ಅವರ ದನಿಯಲ್ಲೇ ಸಾಧನವನ್ನು ಪರೀಕ್ಷಿಸಿ ನೋಡಬೇಕಾಗುತ್ತದೆ.